ಕೆಳಗಿನ ಬರ್ತು

ರೈಲುದಾರಿಯ ಕೊನೆಯ ಊರಿನಲ್ಲಿ ವಾಸವಾಗಿರುವವರಿಗೆ ಎರಡು ಭಾಗ್ಯಗಳುಂಟು. ಊರಿಗೆ ಮರಳುವಾಗ ಎಷ್ಟೇ ಗಾಢವಾಗಿ ನಿದ್ರೆಹೋದರೂ ಇಳಿಯುವ ಸ್ಥಳ ತಪ್ಪಿಹೋಗುವುದಿಲ್ಲ. ಊರಿನಿಂದ ಹೊರಡುವಾಗ ಗಾಡಿಯೇ ನಮಗಾಗಿ ಕಾದುನಿಂತಿರುತ್ತದೆ. ತಾಳಗುಪ್ಪದವರು ಇವೆರಡನ್ನೂ ಯಾವ ಸಂಕೋಚವೂ ಇಲ್ಲದೆ ಅನುಭವಿಸುತ್ತಾರೆ. ಪಕ್ಕದ ಸಾಗರದವರಿಗೆ ಈ ಸುಖವಿಲ್ಲ. ಬೆಳಗಿನ ಸವಿನಿದ್ದೆಯನ್ನು ಅವರು ಆನಂದಪುರದಲ್ಲಿಯೇ ಬಿಟ್ಟು, ಚೀಲಗಳನ್ನು ಎಣಿಸುತ್ತಾ ಬಾಗಿಲಿನತ್ತ ಸರಿಯಬೇಕು. ತೀರ್ಥಹಳ್ಳಿಯವರಿಗಂತೂ ತಮ್ಮ ಊರಿಗೆ ರೈಲೇ ಇಲ್ಲ. ಶಿವಮೊಗ್ಗದಲ್ಲಿ ಇಳಿದು ಬಸ್ಸು ಹುಡುಕಬೇಕು.

ಮೈಸೂರು ಸಂಸ್ಥಾನದ ಕಾಲದಲ್ಲಿ ಬಂದ ಮೀಟರ್ ಗೇಜ್ ದಾರಿ ನಮ್ಮದು. ಹೊನ್ನಾವರದ ಕಡಲಿನವರೆಗೂ ಅದು ಬೆಳೆಯಬೇಕೆಂಬ ಮಾತು ಬಹಳ ಹಳೆಯದು. ಮಾತು ಬೆಳೆದಿದೆ, ದಾರಿ ಬೆಳೆದಿಲ್ಲ. ಕೊನೆಕೊನೆಗೆ ಬಸ್ಸಿನಂಥ ಒಂಟಿ ಡಬ್ಬಿಯ ರೈಲು-ಬಸ್ಸೊಂದು ಕಾಡಿನ ನಡುವೆ ತೆವಳುತ್ತಾ ಬರುತ್ತಿತ್ತು. ಅನಂತರ ಹಳಿಗಳನ್ನು ಕಿತ್ತು ಅಗಲಗೊಳಿಸಿದರು. 2011ರಲ್ಲಿ ಬ್ರಾಡ್ ಗೇಜ್ ಗಾಡಿ ತಾಳಗುಪ್ಪವನ್ನು ಮುಟ್ಟಿತು. ಈಗ ರಾತ್ರಿಯ ಊಟದ ಹೊತ್ತಿಗೆ ಇಲ್ಲಿ ಹತ್ತಿದರೆ ಬೆಳಕು ಹರಿಯುವ ಮುನ್ನ ಬೆಂಗಳೂರು, ಇನ್ನೂ ಕುಳಿತೇ ಇದ್ದರೆ ಮೈಸೂರು.

ಹೋದ ಕಾರ್ತಿಕದಲ್ಲಿ ನನ್ನ ದೊಡ್ಡಮ್ಮನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಕರೆದೊಯ್ಯಬೇಕಾಯಿತು. ಆಕೆಗೆ ಎಪ್ಪತ್ತನಾಲ್ಕು ವರ್ಷ. ಒಂದು ಕಣ್ಣು ಆಗಲೇ ಮಂಜಾಗಿತ್ತು. ಇನ್ನೊಂದರ ಮೇಲೂ ವೈದ್ಯರಿಗೆ ನಂಬಿಕೆಯಿರಲಿಲ್ಲ. ಹೋಗುವುದೋ ಬೇಡವೋ ಎಂದು ಆಕೆ ಎರಡು ತಿಂಗಳು ಮುಂದೂಡಿ, ಕಡೆಗೆ ಒಪ್ಪಿದ ದಿನ ನಾನು ಗಡಿಬಿಡಿಯಲ್ಲಿ ಇಬ್ಬರಿಗೂ ಒಂದೇ ಟಿಕೀಟು ಮಾಡಿಸಿದೆನು. ಹವಾನಿಯಂತ್ರಿತ ಡಬ್ಬಿ ಬೇಡ, ಕಿಟಕಿಯ ಗಾಳಿ ಬೇಕೆಂದು ಆಕೆಯ ಹಟ. ಬಂದ ಸಂಖ್ಯೆಗಳು 18 ಮತ್ತು 19.

ಶಾಲೆಯಲ್ಲಿ ಕಲಿತ ಭಾಗಾಕಾರವು ಉಪಯೋಗಕ್ಕೆ ಬರುವುದು ಇಲ್ಲಿಯೇ. ಸ್ಲೀಪರ್ ಡಬ್ಬಿಯಲ್ಲಿ ಒಂದೊಂದು ಅಂಕಣಕ್ಕೆ ಎಂಟು ಬರ್ತುಗಳು. ಹಳೆಯ ಮಾದರಿಯ ಡಬ್ಬಿಯಲ್ಲಿ ಒಂಬತ್ತು ಅಂಕಣ, ಒಟ್ಟು 72. ಹೊಸ ಮಾದರಿಯದರಲ್ಲಿ ಹತ್ತು, ಒಟ್ಟು 80. ನಿಮ್ಮ ಸಂಖ್ಯೆಯನ್ನು ಎಂಟರಿಂದ ಭಾಗಿಸಿ. ಶೇಷ ಒಂದು ಅಥವಾ ನಾಲ್ಕಾದರೆ ಕೆಳಗಿನದು, ಎರಡು ಅಥವಾ ಐದಾದರೆ ನಡುವಿನದು, ಮೂರು ಅಥವಾ ಆರಾದರೆ ಮೇಲಿನದು. ಏಳು ಬಂದರೆ ಓಣಿಯ ಪಕ್ಕದ ಕೆಳಬರ್ತು. ಶೇಷವೇ ಇಲ್ಲದಿದ್ದರೆ ಅದರ ಮೇಲಿನದು, ಉದ್ದ ಕಾಲಿನವರ ಪಾಲಿಗೆ ಶಿಕ್ಷೆ. ಅಂದಮೇಲೆ ದೊಡ್ಡಮ್ಮನಿಗೆ ನಡುವಿನದು, ನನಗೆ ಮೇಲಿನದು! ಆಕೆ ಮನೆಯ ಅಟ್ಟ ಹತ್ತುವುದನ್ನು ಬಿಟ್ಟೇ ಹತ್ತು ವರ್ಷವಾಗಿತ್ತು.

ವಯಸ್ಸಾದವರಿಗೆ ಕೆಳಬರ್ತನ್ನು ಮೀಸಲಿಡುವರೆಂದು ಕೇಳಿದ್ದೆನಲ್ಲ, ಇದೇನಾಯಿತು? ಟಿಕೀಟು ನೋಡಲು ಬಂದ ಅಧಿಕಾರಿ ಸಮಾಧಾನದಿಂದಲೇ ತಿಳಿಸಿದರು. ಅರುವತ್ತು ತುಂಬಿದ ಗಂಡಸರಿಗೂ ನಲವತ್ತೈದು ದಾಟಿದ ಹೆಂಗಸರಿಗೂ ಆ ಮೀಸಲು ಇರುವುದು ನಿಜ. ಆದರೆ ಅವರು ಒಬ್ಬರೇ ಇರಬೇಕು, ಇಲ್ಲವೆ ಜೊತೆಯವರೂ ಆ ಅರ್ಹತೆಯವರೇ ಆಗಿರಬೇಕು. ಐವತ್ತೈದರ ನಾನು ಅದೇ ಟಿಕೀಟಿನಲ್ಲಿ ಸೇರಿಕೊಂಡದ್ದರಿಂದ ಆಕೆಯ ಹಕ್ಕು ಹೋಯಿತು. ಬೇರೆಬೇರೆ ಟಿಕೀಟು ಮಾಡಿಸಿದ್ದರೆ ಬಹುಶಃ ಸಿಕ್ಕುತ್ತಿತ್ತು. ನೆರವಿಗೆಂದು ಹೊರಟವನೇ ಅಡ್ಡಿಯಾಗಿದ್ದೆನು. ಹಿರಿಯರನ್ನು ಕರೆದೊಯ್ಯುವ ವಾಚಕರು ಇದನ್ನು ನೆನಪಿಟ್ಟುಕೊಳ್ಳಬೇಕು.

“ಯಾರಾದರೂ ಬದಲಾಯಿಸಿಕೊಟ್ಟಾರು, ಮಾಣಿ” ಎಂದಳು ದೊಡ್ಡಮ್ಮ. ನನ್ನ ತಲೆ ನರೆತಿದ್ದರೂ ಆಕೆಗೆ ನಾನು ಮಾಣಿಯೇ. ಹದಿನೇಳನೆಯ ಬರ್ತಿನವರು ಸಾಗರದಲ್ಲಿ ಹತ್ತುವರೆಂದು ಗೊತ್ತಾಯಿತು. ಯಾರೋ ತರುಣನಾಗಿರಲಿ ಎಂದು ನಾನು ಮನಸ್ಸಿನಲ್ಲಿಯೇ ಬೇಡಿಕೊಂಡೆನು.

ಹತ್ತಿದ್ದು ದೊಡ್ಡಮ್ಮನಿಗಿಂತಲೂ ಹಿರಿಯಳಾದ ಒಬ್ಬ ಮುದುಕಿ. ಕೈಯಲ್ಲಿ ಊರುಗೋಲು, ಸೊಂಟದಲ್ಲಿ ಎಲೆಯಡಕೆಯ ಸಂಚಿ. ಜೊತೆಗೆ ಬಂದ ಹುಡುಗ ಸಾಮಾನಿಟ್ಟು ಇಳಿದುಹೋದನು. ಕೇಳಲು ನನಗೆ ಬಾಯಿ ಬರಲಿಲ್ಲ. ದೊಡ್ಡಮ್ಮನೂ ಕೇಳಲಿಲ್ಲ, ಕೇಳಿದ್ದು ಬೇರೆ.

“ತಮ್ಮದು ಯಾವ ಕಡೆ ಆಯಿತು?”

“ತುಮರಿ ಕಡೆ. ಈಗ ಸೇತುವೆಯಾಯಿತಲ್ಲ, ಲಾಂಚು ಕಾಯುವುದು ತಪ್ಪಿತು.”

2025ರ ಜುಲೈಯಲ್ಲಿ ತೆರೆದ ಆ ಸೇತುವೆಯ ಮೇಲೆ ಬಸ್ಸಿನಲ್ಲಿ ಕುಳಿತೇ ಹಿನ್ನೀರನ್ನು ದಾಟಿ ಬಂದಿದ್ದಳು. ಮೈಸೂರಿನಲ್ಲಿ ಮೊಮ್ಮಗಳ ಬಾಣಂತನ. ದೊಡ್ಡಮ್ಮ ಮುಂದಕ್ಕೆ ಬಾಗಿ, ಮಂಜುಗಣ್ಣಿನಿಂದ ಆ ಮುಖವನ್ನು ನೋಡಲು ಯತ್ನಿಸಿದಳು.

“ತವರುಮನೆ?”

“ತವರು ನೀರಿನೊಳಗೆ” ಎಂದಳು ಮುದುಕಿ, ಅಡಕೆ ಕತ್ತರಿಸುತ್ತಾ.

ದೊಡ್ಡಮ್ಮನ ತವರೂ ಅಲ್ಲಿಯೇ. ಮಡೆನೂರಿನ ಕಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಆಕೆಗೆ ಹನ್ನೆರಡು ವರ್ಷ. ಹಳೆಯ ಮಡೆನೂರು ಅಣೆಕಟ್ಟೂ ಆ ನೀರಿನಲ್ಲಿಯೇ ಮುಳುಗಿತು. ಬೇಸಗೆಯಲ್ಲಿ ನೀರಿಳಿದಾಗ ಈಗಲೂ ತಲೆಯೆತ್ತುತ್ತದೆ. ಊರಿನವರನ್ನು ಲಾರಿಗಳಲ್ಲಿ ಸಾಗಿಸಿ ಶಿವಮೊಗ್ಗದ ಕಡೆಯ ಕಾಡುಗಳಲ್ಲಿ ಇಳಿಸಿದ ಕಥೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ದೊಡ್ಡಮ್ಮ ಮಾತ್ರ ಅದನ್ನು ಹೇಳಿದವಳಲ್ಲ. ನಾನು ಕೇಳಿದವನೂ ಅಲ್ಲ.

ಆ ರಾತ್ರಿ ಕೇಳಿದೆನು. ಯಾರ ಮನೆಯ ತೋಟದ ದಾರಿ ಹೊಳೆಗೆ ಇಳಿಯುತ್ತಿತ್ತು, ಯಾವ ದೇವಸ್ಥಾನದ ಕಟ್ಟೆಯ ಮೇಲೆ ಅಟ್ಲಕಾಯಿ ಒಣಗಿಸುತ್ತಿದ್ದರು, ಲಾರಿ ಹೊರಟಾಗ ಯಾವ ಹಸು ಎಷ್ಟು ದೂರ ಹಿಂದೆ ಓಡಿಬಂತು. ನಡುವೆ ತೊಡೆದೇವಿನ ಪೊಟ್ಟಣ ಬಿಚ್ಚಲ್ಪಟ್ಟಿತು. ಗಾಡಿ ಅರಸಾಳನ್ನು ದಾಟಿತು. ಮಾಲ್ಗುಡಿಯ ಧಾರಾವಾಹಿಗೆ ಶಂಕರನಾಗ್ ಆರಿಸಿದ ಆ ಪುಟ್ಟ ನಿಲ್ದಾಣವನ್ನು ತೋರಿಸಬೇಕೆಂದಿದ್ದೆ. ಇಬ್ಬರಲ್ಲಿ ಯಾರೂ ನನ್ನತ್ತ ತಿರುಗಲಿಲ್ಲ.

ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಡುವಿನ ಬರ್ತನ್ನು ಎತ್ತಿ ಸರಪಳಿಗೆ ಸಿಕ್ಕಿಸಬಹುದೆಂಬುದು ನಿಯಮ. ಎತ್ತಿದರೆ ಕೆಳಗಿನವರು ಕುಳಿತಿರಲಾರರು, ಮಲಗಲೇಬೇಕು. ಹತ್ತು ಹೊಡೆದಾಗ ನಾನು ಸರಪಳಿಗೆ ಕೈಹಾಕಿದೆನು. ನನಗೆ ಮೇಲಿನದರಿಂದ ನಡುವಿನದಕ್ಕೆ ಇಳಿಯುವ ಆಸೆ. ದೊಡ್ಡಮ್ಮನಿಗೆ ಏನು ಮಾಡುವುದೆಂಬುದು ಇನ್ನೂ ಹೊಳೆದಿರಲಿಲ್ಲ.

“ಅದು ಹಾಗೇ ಇರಲಿ ತಮ್ಮಾ” ಎಂದಳು ಮುದುಕಿ. “ಈಕೆ ಹತ್ತುವವಳಲ್ಲ, ನಾನು ಮಲಗುವವಳಲ್ಲ.”

ಬೀರೂರಿನಲ್ಲಿ ಗಾಡಿ ನಿಂತಾಗ ನನಗೆ ಎಚ್ಚರವಾಯಿತು. ಮೇಲಿನಿಂದ ಬಾಗಿ ನೋಡಿದೆನು. ಎರಡಡಿ ಅಗಲದ ಆ ಹಾಸಿನ ಮೇಲೆ ಇಬ್ಬರೂ ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು ಬರುವಂತೆ, ಒಂದೇ ಕಂಬಳಿ ಹೊದ್ದು ಮುದುಡಿಕೊಂಡಿದ್ದರು. ಒಂದು ಕಾಲದಲ್ಲಿ ಈ ಹಲಗೆಗಳು ಬರಿಯ ಮರದವು. 1977ರಲ್ಲಿ ರೈಲ್ವೆ ಮಂತ್ರಿಗಳಾದ ಮಧು ದಂಡವತೆಯವರು ಸಾಮಾನ್ಯ ದರ್ಜೆಯವರ ಬರ್ತಿಗೂ ಮೆತ್ತೆ ಹಾಕಿಸಿದರು. ಅವರನ್ನು ಸ್ಮರಿಸಿ ಮತ್ತೆ ಕಣ್ಣುಮುಚ್ಚಿದೆನು.

ಬೆಂಗಳೂರಿನಲ್ಲಿ ಕತ್ತಲೆಯಲ್ಲಿಯೇ ಇಳಿದೆವು. ಮುದುಕಿ ಕಿಟಕಿಯಿಂದ ಕೈಚಾಚಿ ಒಂದು ಅಡಕೆಯ ಹೋಳನ್ನು ದೊಡ್ಡಮ್ಮನ ಅಂಗೈಯಲ್ಲಿಟ್ಟಳು. ಮೆಟ್ಟಿಲು ಹತ್ತುವಾಗ ದೊಡ್ಡಮ್ಮ ನಿಂತು, “ಹೆಸರು ಕೇಳಲೇ ಇಲ್ಲವಲ್ಲೋ” ಎಂದಳು. ತಿರುಗಿ ನೋಡುವಷ್ಟರಲ್ಲಿ ಆ ಡಬ್ಬಿ ಯಾವುದೆಂಬುದೇ ಗುರುತು ಸಿಕ್ಕಲಿಲ್ಲ.

ಕಣ್ಣು ಉಳಿಯಿತು. ಹತ್ತು ದಿನದ ಮೇಲೆ ಮರಳುವ ಟಿಕೀಟನ್ನು ಆಕೆಗೆ ಬೇರೆಯಾಗಿಯೇ ಮಾಡಿಸಿದೆನು. ಕೆಳಗಿನ ಬರ್ತೇ ಬಂತು. ತುಮಕೂರು ದಾಟಿತು, ದೀಪ ಆರಿಸಿದರು, ಸುತ್ತಲೂ ಗೊರಕೆ. ಹಸಿರು ಕನ್ನಡಕದ ಹಿಂದಿನಿಂದ ದೊಡ್ಡಮ್ಮ ಓಣಿಯಲ್ಲಿ ಓಡಾಡುವವರ ಮುಖಗಳನ್ನೇ ಬಹಳ ಹೊತ್ತು ನೋಡುತ್ತಾ ಕುಳಿತಿದ್ದಳು. ನಡುವಿನ ಬರ್ತಿನ ಯಜಮಾನರು ಎರಡು ಸಲ ಕೆಮ್ಮಿದ ಮೇಲೆಯೇ ಆಕೆ ಮಲಗಿದ್ದು.