ಕೆಂಪೇರಲು ಕತ್ತಲೆ ಬೇಕು

ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗೆ ಬೆಂಗಳೂರು, ಮೈಸೂರು ಕಡೆಯ ಮನೆಯಂಗಳಗಳನ್ನು ನೋಡಬೇಕು. ಡೇರೆ, ಸೇವಂತಿಗೆಗಳ ಭರಾಟೆ ಇಳಿಮುಖವಾಗಿರುತ್ತದೆ. ಮಾಗಿ ಮಲ್ಲಿಗೆ ಬೆಳ್ಳಗೆ ಅರಳಿದರೂ ಪರಿಮಳದಲ್ಲಿ ದುಂಡುಮಲ್ಲಿಗೆಯ ಹತ್ತಿರ ಸುಳಿಯದು. ಬ್ರೆಜಿಲ್ ಮೂಲದ ಫ್ಲೇಮ್ ವೈನ್ ಬಳ್ಳಿ ಕಾಂಪೌಂಡಿನ ಮೇಲೆ ಕಿತ್ತಳೆ ಬಣ್ಣದ ಕೊಳವೆಹೂಗಳನ್ನು ಸುರಿದು ಸೂರಕ್ಕಿಗಳನ್ನು ಕರೆಯುತ್ತಿರುತ್ತದೆ. ಆದರೆ ಎಲ್ಲರ ಕಣ್ಣು ಹೋಗುವುದು ಪಾಯಿನ್ಸೆಟಿಯಾದ ಕಡೆಗೇ. ಮೆಕ್ಸಿಕೋದಿಂದ ಬಂದ ಈ ಪೊದೆಯಲ್ಲಿ ನಾವು ಹೂವೆಂದು ಮೆಚ್ಚುವ ಕೆಂಪು ಎಲ್ಲವೂ ಎಲೆಯೇ. ನಿಜವಾದ ಹೂವು ಕಾಣಬೇಕೆಂದರೆ ಬಗ್ಗಿ ನೋಡಬೇಕು: ಕೆಂಪೆಲೆಗಳ ನಡುವೆ ಹಸಿರು ಬಟ್ಟಲುಗಳ ಪುಟ್ಟ ಗೊಂಚಲು, ಒಂದೊಂದರ ಪಕ್ಕೆಗೂ ಅಂಟಿದ ಹಳದಿ ತುಟಿ, ಅದರ ತುಂಬ ಮಕರಂದ, ಅದಕ್ಕೆ ಮುತ್ತಿದ ಇರುವೆ. ಎಲೆ ಹೀಗೆ ಕೆಂಪೇರುವುದು ಚಳಿಯಿಂದ ಎಂದು ಹಲವರು ನಂಬಿದ್ದಾರೆ. ಗಿಡಕ್ಕೆ ಮುಖ್ಯವಾಗಿ ಬೇಕಾದದ್ದು ದೀರ್ಘವಾದ ಇರುಳು; ವಾರಗಟ್ಟಲೆ, ನಡುವೆ ಬೆಳಕು ಸೋಕದ ಇರುಳು. ನಮ್ಮ ಬೀದಿಯ ಹೊಸ ಎಲ್ಇಡಿ ದೀಪದ ಎದುರಿನ ಕೊಂಬೆಗಳು ಹಸಿರಾಗಿಯೇ ಉಳಿದು, ಗೋಡೆಯ ಮರೆಯವು ಕೆಂಪಾದದ್ದು ಇದೇ ಕಾರಣಕ್ಕೆ. ಗೊಬ್ಬರ ಸಾಲದೆಂದು ಗಿಡವನ್ನು ದೂರುವ ಮೊದಲು ದೀಪ ಎಲ್ಲಿದೆ ನೋಡಿ. ಬಣ್ಣ ಮಾಸಿದ ಮೇಲೆ ಕೊಂಬೆಗಳನ್ನು ಧಾರಾಳವಾಗಿ ಸವರಿ. ಹಾಲಿನಂಥ ಸೊನೆ ಕೈಗೂ ಕಣ್ಣಿಗೂ ತಾಗದಿರಲಿ. ಕತ್ತರಿಸಿದ ತುಂಡುಗಳು ಬೇರು ಬಿಡುತ್ತವೆ. ಒಂದನ್ನು ಇರುಳು ಕತ್ತಲೆಯಿರುವ ಹಿತ್ತಲಲ್ಲಿ ನೆಡಿ.