ಹೆಸರು ತಡವಾದರೆ ಮರೆವಲ್ಲ

ಅಂಕೋಲೆಯ ನನ್ನ ನಾನಿ ಮನೆಯಲ್ಲಿ ಉರ್ದು, ಮೀನುಪೇಟೆಯಲ್ಲಿ ಕೊಂಕಣಿ, ಕಾರವಾರದ ಬಸ್ಸಿನಲ್ಲಿ ಕನ್ನಡ ಮಾತನಾಡುತ್ತಾರೆ. ಒಮ್ಮೊಮ್ಮೆ ಒಂದು ಹೆಸರು ನಾಲಿಗೆಯ ತುದಿಯಲ್ಲೇ ನಿಲ್ಲುತ್ತದೆ. ಅಷ್ಟಕ್ಕೇ ಅದನ್ನು ಕಾಯಿಲೆ ಎನ್ನಬಾರದು. ವಯಸ್ಸಾದಂತೆ ಆರೋಗ್ಯವಂತರಿಗೂ ಹೆಸರು ಹೊಳೆಯಲು ಹೊತ್ತು ಬೇಕು. ಪದದ ಅರ್ಥ ಮಾತ್ರ ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದಂತೆ, ಎರಡು-ಮೂರು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ವಾಣಿಜ್ಯ ವಿದ್ಯಾರ್ಥಿಯಾಗಿ ಹೇಳುವುದಾದರೆ, ಭಾಷೆಗಳು ಆಸ್ತಿ, ಸಾಲವಲ್ಲ. ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಈ ಆಸ್ತಿ ಲೆಕ್ಕಕ್ಕೇ ಬರುವುದಿಲ್ಲ. ಸಿಗಡಿಯ ಚಿತ್ರ ನೋಡಿ ನಾನಿ ಸುಂಗಟ ಎಂದರೂ ಝಿಂಗಾ ಎಂದರೂ ಪೂರ್ತಿ ಅಂಕ ಸಲ್ಲಬೇಕು. ಮನೆಯಲ್ಲಿ ನಾವೂ ಪದ ತುಂಬಿಸಲು ಅವಸರ ಮಾಡದೆ, ಸ್ವಲ್ಪ ಕಾಯೋಣ.