ಬೀದಿನಾಯಿಗಳ ಆಶ್ರಯಧಾಮ: ಕರುಣೆಗೂ ಒಂದು ತಿಂಗಳ ಲೆಕ್ಕ ಬೇಡವೇ?

ಬೀದಿನಾಯಿಗಳ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಒಂದರ ಹಿಂದೊಂದರಂತೆ ನೀಡಿದ ಆದೇಶಗಳು ದೇಶದಾದ್ಯಂತ ವಾದ-ವಿವಾದಗಳಿಗೆ ಎಡೆಮಾಡಿಕೊಟ್ಟವು. ಆಗಸ್ಟ್ 11ರಂದು, ದೆಹಲಿ ಹಾಗೂ ಸುತ್ತಲಿನ ನಗರಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿ ಇರಿಸಬೇಕೆಂಬ ಆದೇಶ ಹೊರಬಿತ್ತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ಮಾರ್ಪಡಿಸಿ, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಬಳಿಕ ನಾಯಿಗಳನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕು, ರೇಬೀಸ್ ತಗಲಿದ ಅಥವಾ ಆಕ್ರಮಣಕಾರಿಯಾದವುಗಳನ್ನು ಬಿಡಬಾರದು ಎಂದಿತು. ನವೆಂಬರ್ 7ರ ಆದೇಶವು ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ಹಾಗೂ ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯಧಾಮಕ್ಕೆ ಸಾಗಿಸಬೇಕು, ಮರಳಿ ಅಲ್ಲಿ ಬಿಡಕೂಡದು ಎಂದು ದೇಶಕ್ಕೆಲ್ಲ ಅನ್ವಯಿಸುವಂತೆ ವಿಧಿಸಿತು.

ಮಗುವನ್ನು ಶಾಲೆಗೆ ಕಳುಹಿಸುವ ತಾಯಿಯ ಭಯವೂ ನಿಜ, ಮೂಕಪ್ರಾಣಿಗಾಗಿ ಮರುಗುವವರ ನೋವೂ ನಿಜ. ಆದರೆ ಈ ಎರಡು ಪಕ್ಷಗಳ ವಾಗ್ವಾದದ ನಡುವೆ ಒಂದು ಸರಳ ಪ್ರಶ್ನೆ ಮರೆಯಾಯಿತು. ಆ ಆಶ್ರಯಧಾಮಗಳ ಖರ್ಚನ್ನು ಹೊರುವವರು ಯಾರು?

ಜೀವಮಾನವೆಲ್ಲ ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಕಳೆದ ನಮಗೆ ಮೊದಲು ಹೊಳೆಯುವುದು ಅಂಕಿಗಳೇ. ಮುಂಬಯಿ ಮಹಾನಗರಪಾಲಿಕೆಯ 2014ರ ಗಣತಿಯಂತೆ ನಗರದಲ್ಲಿದ್ದ ಬೀದಿನಾಯಿಗಳು 95,172. ನವೆಂಬರ್ ಆದೇಶದ ಬಳಿಕ ಪಾಲಿಕೆ ಮುಂದಿಟ್ಟ ಸಂಖ್ಯೆ 90,757. ಆಗ ಇದ್ದ ಆಶ್ರಯಧಾಮಗಳು ಎಂಟು. ಒಂದು ನಾಯಿಯ ಆಹಾರಕ್ಕೆ ದಿನಕ್ಕೆ 50 ರೂಪಾಯಿ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 18,250 ರೂಪಾಯಿ. ನೂರು ನಾಯಿಗಳ ಸಾಧಾರಣ ಧಾಮಕ್ಕೆ 18 ಲಕ್ಷಕ್ಕೂ ಮೀರಿತು. ನಗರದ ಎಲ್ಲ ನಾಯಿಗಳನ್ನೂ ಕೂಡಿಹಾಕಿದರೆ ಅನ್ನಕ್ಕೇ ವರ್ಷಕ್ಕೆ 165 ಕೋಟಿ! ವೈದ್ಯರು, ಔಷಧಿ, ಕೆಲಸದವರ ಸಂಬಳ, ನೀರು, ಜಾಗದ ಬಾಡಿಗೆ ಇವುಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಿರುವಾಗ ಸಾರ್ವಜನಿಕರ ದೇಣಿಗೆಯನ್ನೇ ನಂಬಿದ ಧಾಮಗಳು ಬದುಕುವುದು ಹೇಗೆ? ನಾಯಿ ಒಳಬಂದಷ್ಟೇ ಸರಾಗವಾಗಿ ಹೊರಗೂ ಹೋಗುವುದರಿಂದ. ಗಾಯ ವಾಸಿಯಾದದ್ದು ತನ್ನ ಬೀದಿಗೆ ಮರಳುತ್ತದೆ; ಮರಿಗೆ ಒಂದು ಮನೆ ಸಿಗುತ್ತದೆ; ಶಸ್ತ್ರಚಿಕಿತ್ಸೆಯಾದದ್ದು ಕಿವಿಯ ತುದಿಯ ಗುರುತಿನೊಡನೆ ಕೆಲವೇ ದಿನಗಳಲ್ಲಿ ಹಿಂತಿರುಗುತ್ತದೆ. ವಾಹನಕ್ಕೆ ಸಿಕ್ಕಿ ಬೆನ್ನುಮೂಳೆ ಮುರಿದದ್ದು, ಕಣ್ಣು ಕಳೆದುಕೊಂಡದ್ದು ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಅಂದರೆ ಧಾಮವೆಂಬುದು ಆಸ್ಪತ್ರೆಯಂತೆ. ಹೊರಬಾಗಿಲು ಮುಚ್ಚಿದರೆ ಅದು ಬಂಧುಗಳಿಲ್ಲದ ವೃದ್ಧಾಶ್ರಮವಾಗುತ್ತದೆ. ಅಲ್ಲಿ ಇಕ್ಕಟ್ಟು ಹೆಚ್ಚಿದಂತೆ ಪಾರ್ವೋ, ಡಿಸ್ಟೆಂಪರ್‌ನಂತಹ ಅಂಟುರೋಗಗಳಿಗೆ ಮೊದಲು ಬಲಿಯಾಗುವವು ಮರಿಗಳೇ.

ಇದು ನಮಗೆ ಮನದಟ್ಟಾದದ್ದು ಒಂದು ಕಹಿ ಅನುಭವದಿಂದ. ಕೆಲವು ಮಳೆಗಾಲಗಳ ಹಿಂದೆ ನಮ್ಮ ಕಟ್ಟಡದ ಗೇಟಿನ ಬಳಿ ಕುಂಟುನಾಯಿಯೊಂದು ಹುಣ್ಣಿನಲ್ಲಿ ಹುಳುವಾಗಿ ಬಿದ್ದಿತ್ತು. ಉಪನಗರದ ಒಂದು ಧಾಮಕ್ಕೆ ದೂರವಾಣಿ ಮಾಡಿದರೆ "ಸ್ಥಳವಿಲ್ಲ" ಎಂಬ ಉತ್ತರ. ನಾವು ಸಿಟ್ಟಿನಿಂದ ನಾಲ್ಕು ಮಾತು ಆಡಿಬಿಟ್ಟೆವು. ಮರುದಿನ ಅಲ್ಲಿಗೇ ಹೋದಾಗ ಕಂಡದ್ದು ಒಂದೇ ಗೂಡಿನಲ್ಲಿ ಮೂರು ನಾಯಿಗಳು, ಒದ್ದೆ ನೆಲ, ಎರಡು ತಿಂಗಳ ಸಂಬಳ ಬಾಕಿಯಿದ್ದರೂ ಗಾಯ ತೊಳೆಯುತ್ತಿದ್ದ ಹುಡುಗ. ನಾವು ಆ ಸಂಸ್ಥೆಗೆ ಅದುವರೆಗೆ ಕೊಟ್ಟಿದ್ದ ದೇಣಿಗೆ ಸೊನ್ನೆ. ಸಿಟ್ಟಾಗುವ ಹಕ್ಕು ನಮಗೆಲ್ಲಿಂದ ಬಂತು?

ಈ ನಗರಕ್ಕೆ ನಾಯಿಗಳ ಪ್ರಶ್ನೆ ಹೊಸದಲ್ಲ. 1832ರ ಜೂನ್‌ನಲ್ಲಿ, ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದ ಕಂಪೆನಿ ಸರಕಾರದ ವಿರುದ್ಧ ಪಾರ್ಸಿಗಳ ಮುಂದಾಳುತನದಲ್ಲಿ ಕೋಟೆ ಪ್ರದೇಶದಲ್ಲಿ ಗಲಭೆಯೇ ನಡೆಯಿತು. ಎರಡು ವರ್ಷಗಳ ಬಳಿಕ, 1834ರಲ್ಲಿ, ಸರ್ ಜಮ್‌ಶೆಟ್‌ಜೀ ಜೀಜೀಭಾಯ್ ಮುಂತಾದವರ ಔದಾರ್ಯದಿಂದ ಮುಂಬಯಿಯ ಪಾಂಜರಾಪೋಳ ಸ್ಥಾಪನೆಯಾಯಿತು. ಅದೇ ಶತಮಾನದಲ್ಲಿ ಪೆಟಿಟ್ ಮನೆತನದ ದಾನದಿಂದ ಪರೇಲ್‌ನಲ್ಲಿ ಪ್ರಾಣಿಗಳ ಆಸ್ಪತ್ರೆ ತಲೆಯೆತ್ತಿತು. ಆದರೂ ಪಾಲಿಕೆಯು ಬೀದಿನಾಯಿಗಳನ್ನು ಕೊಲ್ಲುವುದು 1990ರ ದಶಕದವರೆಗೂ ನಡೆದೇ ಇತ್ತು. ಅದಕ್ಕೆ ಬದಲಾಗಿ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಮಾರ್ಗವನ್ನು ಮುಂದಿಟ್ಟು ದುಡಿದವು 1985ರಲ್ಲಿ ಆರಂಭವಾದ 'ವೆಲ್ಫೇರ್ ಆಫ್ ಸ್ಟ್ರೇ ಡಾಗ್ಸ್'ನಂತಹ ಸ್ವಯಂಸೇವಾ ಸಂಸ್ಥೆಗಳು. 2001ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಅದೇ ಮಾರ್ಗವನ್ನು ದೇಶಕ್ಕೆಲ್ಲ ವಿಧಿಸಿದವು. 2023ರ ನಿಯಮಗಳು ಅವುಗಳ ಸ್ಥಾನಕ್ಕೆ ಬಂದವು.

ಈ ಇತಿಹಾಸದಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಪಶ್ಚಿಮ ಭಾರತದ ಪಾಂಜರಾಪೋಳಗಳು ದೊಡ್ಡ ದಾನಿಗಳಿಂದಷ್ಟೇ ನಡೆದುಬಂದುದಲ್ಲ. ವರ್ತಕರು ತಮ್ಮ ಸರಕಿನ ಮೇಲೆ ತಾವಾಗಿಯೇ ಹಾಕಿಕೊಂಡ 'ಲಾಗಾ' ಎಂಬ ಸಣ್ಣ ಪಾಲು ತಪ್ಪದೆ ಬರುತ್ತಿದ್ದುದೇ ಅವುಗಳ ಆಧಾರ.

ಇಂದಿನ ಧಾಮಗಳಿಗೆ ಇಲ್ಲದಿರುವುದು ಅದೇ. ಗಾಯಗೊಂಡ ಮರಿಯ ಚಿತ್ರ ಕಂಡಾಗ ದೇಣಿಗೆ ಹರಿದುಬರುತ್ತದೆ. ಆ ಮರಿ ಬೆಳೆದು ಕುಂಟುತ್ತಾ ಹತ್ತು ವರ್ಷ ಬದುಕಿದಾಗ ಕೇಳುವವರಿಲ್ಲ. 2013ರ ಕಂಪೆನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಪಟ್ಟಿಯಲ್ಲಿ ಪ್ರಾಣಿ ಕಲ್ಯಾಣವೂ ಇದೆ. ಆದರೆ ಫಲಕ ಹಾಕಬಹುದಾದ ಆಂಬುಲೆನ್ಸಿಗೆ ಪ್ರಾಯೋಜಕರು ದೊರೆತಷ್ಟು ಸುಲಭವಾಗಿ ಅದರ ಚಾಲಕನ ಸಂಬಳಕ್ಕೆ ದೊರೆಯರು. ದಾನಕ್ಕೆ ಸಿಗುವ ತೆರಿಗೆ ರಿಯಾಯಿತಿಯೂ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಸಂಬಳದಾರರಿಗಿಲ್ಲ. ಆಸೆಗೆ ಕೊಡುವವರು ಕಡಿಮೆಯಾದಾಗ ಅಭ್ಯಾಸದಿಂದ ಕೊಡುವವರೇ ಗತಿ.

ಹಾಗೆಂದು ಕೇಳಿದವರಿಗೆಲ್ಲ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಕರುಣೆಯ ಹೆಸರಿನಲ್ಲಿ ಹಣ ಎತ್ತಿ ಲೆಕ್ಕ ಕೊಡದವರೂ ಇರಬಹುದು. ಟ್ರಸ್ಟಿನ ನೋಂದಣಿ, ಲೆಕ್ಕಪರಿಶೋಧನೆಯಾದ ವಾರ್ಷಿಕ ವರದಿ ಇವುಗಳನ್ನು ಕೇಳಿ ನೋಡುವುದು ದಾನಿಯ ಕರ್ತವ್ಯ. ಒಂದು ಭಾನುವಾರ ಮನೆಮಂದಿಯೊಡನೆ ಅಲ್ಲಿಗೆ ಹೋಗಿಬಂದರೆ ಕಾಗದ ಹೇಳದ ಸಂಗತಿಗಳೂ ತಿಳಿಯುತ್ತವೆ. ತೃಪ್ತಿಯಾದರೆ ಬ್ಯಾಂಕಿಗೆ ಒಂದು ಸ್ಥಾಯಿ ಆದೇಶ ನೀಡಿ, ತಿಂಗಳಿಗೆ ಇನ್ನೂರೋ ಮುನ್ನೂರೋ ರೂಪಾಯಿ ಹೋಗುವಂತೆ ಮಾಡಬಹುದು. ವರ್ಷಕ್ಕೊಮ್ಮೆ ಕೊಡುವ ಐದು ಸಾವಿರಕ್ಕಿಂತ, ತಿಂಗಳ ಮೊದಲ ವಾರ ಖಚಿತವಾಗಿ ಬರುವ ಮುನ್ನೂರನ್ನು ನಂಬಿ ಧಾಮವು ಒಬ್ಬ ಕೆಲಸಗಾರನನ್ನು ನೇಮಿಸಿಕೊಳ್ಳಬಲ್ಲುದು.

ಇನ್ನೊಂದು ಹೊಣೆ ನಮ್ಮ ಹೌಸಿಂಗ್ ಸೊಸೈಟಿಗಳದ್ದು. ಆವರಣದ ನಾಯಿಗಳಿಗೆ ಶಸ್ತ್ರಚಿಕಿತ್ಸೆ, ವರ್ಷ ವರ್ಷದ ಲಸಿಕೆ, ಆಹಾರಕ್ಕೊಂದು ನಿಗದಿತ ಮೂಲೆ ಇಷ್ಟಾದರೆ ಧಾಮದ ಬಾಗಿಲು ತಟ್ಟುವ ನಾಯಿಗಳ ಸಂಖ್ಯೆಯೇ ಇಳಿಯುತ್ತದೆ, ಮಕ್ಕಳೂ ನಿರ್ಭಯವಾಗಿ ಓಡಾಡುತ್ತಾರೆ.

ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಈ ನಗರದಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿದ ನಮ್ಮ ಹಿರಿಯರು ತಿಂಗಳ ವಂತಿಗೆಯ ಬೆಲೆಯನ್ನು ಬಲ್ಲವರಾಗಿದ್ದರು. ಅವರ ಮಕ್ಕಳಾದ ನಾವು ಇಂದು ಸ್ವಂತ ಮನೆಗಳಲ್ಲಿ ನೆಲೆನಿಂತಿದ್ದೇವೆ. ಗೇಟಿನ ಹೊರಗೆ ಮಳೆಯಲ್ಲಿ ನೆನೆಯುತ್ತಿರುವ ಜೀವಕ್ಕೆ ಆ ವಂತಿಗೆಯಲ್ಲಿ ಒಂದು ಚಿಕ್ಕ ಪಾಲು ಇರಲಿ ಎಂಬುದಷ್ಟೇ ನಮ್ಮ ವಿನಂತಿ.